ಕಲ್ಫ್ ಪಟ್ಟಣ: ಒಂದು ಚಿಕ್ಕ ಊರಿನ ಚರಿತ್ರೆಯಿಂದ ಕಲಿಯತಕ್ಕ ಪಾಠ

ಭೂಗೋಳದ ತರಗತಿಯಲ್ಲಿ ಜರ್ಮನಿ ದೇಶದ ನಕ್ಷೆಯನ್ನು ಬರೆಯಿರೆಂದರೆ ನಮ್ಮ ವಿದ್ಯಾರ್ಥಿನಿಯರು ಬರ್ಲಿನ್, ಹ್ಯಾಂಬರ್ಗ್, ಮ್ಯೂನಿಕ್ ಎಂಬ ಮಹಾನಗರಗಳಿಗೆ ತಪ್ಪದೆ ಒಂದೊಂದು ಚುಕ್ಕೆಯನ್ನಿಡುತ್ತಾರೆ; ರೈನ್ ನದಿಯ ಗೆರೆಯನ್ನೂ ಎಳೆಯುತ್ತಾರೆ. ಅಲ್ಲಿಗೆ ಪಾಠವು ಮುಗಿಯಿತೆಂದು ಪುಸ್ತಕವನ್ನು ಮುಚ್ಚುತ್ತಾರೆ. ಆದರೆ ಒಂದು ಜನಾಂಗದ ದುಡಿಮೆಯನ್ನೂ ಕಷ್ಟಸುಖಗಳನ್ನೂ ಅರಿಯಬೇಕೆನ್ನುವವರು ಆ ದೇಶದ ಚಿಕ್ಕ ಪಟ್ಟಣವೊಂದನ್ನು ಆರಿಸಿಕೊಂಡು, ಅದರ ಬೀದಿಗಳಲ್ಲಿ ಮನಸ್ಸಿನಿಂದಲಾದರೂ ಸ್ವಲ್ಪ ಹೊತ್ತು ನಡೆದಾಡುವುದು ಒಳ್ಳೆಯದು. ಈ ಲೇಖನಕ್ಕೆ ನಾನು ಆರಿಸಿಕೊಂಡಿರುವುದು ದಕ್ಷಿಣ ಜರ್ಮನಿಯ ಕಲ್ಫ್ ಎಂಬ ಊರು. ನಕ್ಷೆಯಲ್ಲಿ ಅದನ್ನು ಹುಡುಕಬೇಕಾದರೆ ಕಣ್ಣನ್ನು ಹತ್ತಿರಕ್ಕೆ ತರಬೇಕು. ಆದರೂ ಆ ಊರಿಗೂ ನಮ್ಮ ಪಶ್ಚಿಮ ಕರಾವಳಿಗೂ ನಡುವೆ ಒಂದು ಕಾಲಕ್ಕೆ ಕಾಗದಪತ್ರಗಳು ಎಡೆಬಿಡದೆ ಓಡಾಡುತ್ತಿದ್ದವು.

ಊರಿನ ಇರವು

ಜರ್ಮನಿಯ ನೈಋತ್ಯ ಮೂಲೆಯಲ್ಲಿ ಬಾಡೆನ್-ವ್ಯೂರ್ಟೆಂಬರ್ಗ್ ಎಂಬ ಪ್ರಾಂತವಿದೆ. ಅದರ ರಾಜಧಾನಿಯಾದ ಸ್ಟುಟ್‌ಗಾರ್ಟ್ ನಗರದಿಂದ ಪಶ್ಚಿಮಕ್ಕೆ ಹೊರಟರೆ 40 ಕಿಲೋಮೀಟರಿಗೆ ಒಳಪಟ್ಟ ದೂರದಲ್ಲಿ 'ಕಪ್ಪು ಕಾಡು' ಎಂದು ಹೆಸರಾದ ಬೆಟ್ಟದ ಸೀಮೆಯು ತೊಡಗುತ್ತದೆ. ಸೂಜಿಯಂತಹ ಎಲೆಗಳುಳ್ಳ ಮರಗಳು ಒತ್ತಾಗಿ ಬೆಳೆದು, ದೂರದಿಂದ ನೋಡುವವರಿಗೆ ಬೆಟ್ಟವೆಲ್ಲ ಕಪ್ಪಾಗಿ ತೋರುವುದರಿಂದ ಅದಕ್ಕೆ ಆ ಹೆಸರು ಸಲ್ಲುತ್ತದೆ. ಈ ಕಾಡನ್ನು ಸೀಳಿಕೊಂಡು ನಾಗೋಲ್ಡ್ ಎಂಬ ಚಿಕ್ಕ ನದಿಯು ಉತ್ತರಕ್ಕೆ ಹರಿಯುತ್ತದೆ. ಅದರ ಇಕ್ಕಟ್ಟಾದ ಕಣಿವೆಯಲ್ಲಿ, ನೀರಿನ ಎರಡು ದಡಗಳಲ್ಲಿಯೂ, ಕಲ್ಫ್ ಪಟ್ಟಣವು ಬೆಟ್ಟದ ಇಳಿಜಾರಿಗೆ ಒರಗಿಕೊಂಡಂತೆ ಕಟ್ಟಲ್ಪಟ್ಟಿದೆ. ಸುತ್ತಣ ಹಳ್ಳಿಗಳನ್ನು ಸೇರಿಸಿಕೊಂಡರೂ ಅದರ ಜನಸಂಖ್ಯೆಯು 25,000ವನ್ನು ಮುಟ್ಟುವುದಿಲ್ಲ.

ಊರಿನ ಮಾರುಕಟ್ಟೆಯ ಚೌಕವನ್ನು ಸುತ್ತಿ ನಿಂತಿರುವ ಮನೆಗಳು ನೋಡತಕ್ಕವು. ದಪ್ಪ ತೊಲೆಗಳಿಂದ ಚೌಕಟ್ಟನ್ನು ಕಟ್ಟಿ, ತೊಲೆಗಳ ನಡುವಣ ಎಡೆಗಳನ್ನು ಮಣ್ಣುಗಾರೆಗಳಿಂದ ತುಂಬಿ, ಮೇಲೆ ಸುಣ್ಣ ಬಳಿದಿರುತ್ತಾರೆ. ಬಿಳಿಯ ಗೋಡೆಯ ಮೇಲೆ ಮರದ ಗೆರೆಗಳು ರಂಗವಲ್ಲಿಯ ಹಾಗೆ ಕಾಣುತ್ತವೆ. ಹಿಮವು ನಿಲ್ಲದೆ ಜಾರಿಹೋಗಲೆಂದು ಮಾಡುಗಳನ್ನು ಬಹಳ ಕಡಿದಾಗಿ ಇಳಿಸಿದ್ದಾರೆ. ನದಿಗೆ ಒಂದು ಹಳೆಯ ಕಲ್ಲಿನ ಸೇತುವೆಯುಂಟು. ಸೇತುವೆಯ ನಟ್ಟನಡುವೆ, ಕಂಬವೊಂದರ ಮೇಲೆ, ಸುಮಾರು 1400ನೆಯ ಇಸವಿಯಲ್ಲಿ ಕಟ್ಟಿದ ಸಂತ ನಿಕೊಲಾಸನ ಪುಟ್ಟ ಗುಡಿಯಿದೆ. ದಾಟಿಹೋಗುವ ವರ್ತಕನೂ ತೆಪ್ಪ ನಡೆಸುವವನೂ ಅಲ್ಲಿ ಅರೆಗಳಿಗೆ ನಿಂತು ಪ್ರಾರ್ಥಿಸುತ್ತಿದ್ದ ಕಾಲವೊಂದಿತ್ತು.

ಕಲ್ಫಿನ ಪಕ್ಕದಲ್ಲಿಯೇ ಹಿರ್ಸಾವ್ ಎಂಬ ಸ್ಥಳವಿದೆ. 1975ರಿಂದ ಅದು ಪಟ್ಟಣಕ್ಕೇ ಸೇರಿದೆ. 11ನೆಯ ಶತಮಾನದಲ್ಲಿ ಅಲ್ಲಿಯ ಮಠವು ಜರ್ಮನಿಯ ಮಠಗಳಲ್ಲಿ ಅತ್ಯಂತ ಹೆಸರುವಾಸಿಯಾದವುಗಳಲ್ಲಿ ಒಂದಾಗಿತ್ತು. ವಿಲ್ಹೆಲ್ಮ್ ಎಂಬ ಮಠಾಧಿಪತಿಯು 1069ರಿಂದ 1091ರ ವರೆಗೆ ಅದನ್ನು ಆಳಿ, ಸನ್ಯಾಸಿಗಳ ನಡತೆಯನ್ನು ತಿದ್ದಿ, ದೊಡ್ಡ ದೇವಾಲಯವನ್ನು ಕಟ್ಟಿಸಿದನು. ಈಗ ಅಲ್ಲಿ ಉಳಿದಿರುವುದು ಹೆಚ್ಚಾಗಿ ಒಂದು ಗೋಪುರವೂ ಮುರಿದ ಗೋಡೆಗಳೂ.

ನೀರು, ಮರ, ಬಣ್ಣ

ಕಣಿವೆಯು ಇಕ್ಕಟ್ಟು, ಮಣ್ಣು ಬಡತನದ್ದು. ಬೇಸಾಯದಿಂದ ಊರು ಬೆಳೆಯುವಂತಿರಲಿಲ್ಲ. ಆದುದರಿಂದ ಜನರು ನದಿಯನ್ನೇ ನಂಬಿದರು. ಕಾಡಿನಲ್ಲಿ ಕಡಿದ ದಿಮ್ಮಿಗಳನ್ನು, ಹೊಸೆದ ಎಳೆಮರಗಳನ್ನೇ ಹಗ್ಗಮಾಡಿ ಒಂದಕ್ಕೊಂದು ಬಿಗಿದು, ಉದ್ದವಾದ ತೆಪ್ಪಗಳನ್ನಾಗಿ ನೀರಿಗೆ ಬಿಡುತ್ತಿದ್ದರು. ನಾಗೋಲ್ಡ್ ನದಿಯು ಎಂಟ್ಸ್ ನದಿಯನ್ನೂ, ಎಂಟ್ಸ್ ನೆಕ್ಕರನ್ನೂ, ನೆಕ್ಕರ್ ರೈನನ್ನೂ ಕೂಡುವುದರಿಂದ ಈ ಮರಗಳು ಹಾಲೆಂಡಿನ ವರೆಗೆ ಸಾಗಿ ಹಡಗುಗಳಾಗುತ್ತಿದ್ದವು. ನಕ್ಷೆಯಲ್ಲಿ ಈ ನಾಲ್ಕು ನದಿಗಳ ಮೇಲೆ ಬೆರಳನ್ನು ಓಡಿಸಿ ನೋಡಿರಿ. ಕಾಡಿನ ಮೂಲೆಯ ಊರು ಹೇಗೆ ಸಮುದ್ರಕ್ಕೆ ನೆರೆಯಾಯಿತೆಂಬುದು ತಾನಾಗಿ ತಿಳಿಯುವುದು.

ಅದೇ ನೀರು ಬಣ್ಣಗಾರರಿಗೂ ಚರ್ಮ ಹದಮಾಡುವವರಿಗೂ ಬೇಕಾಗಿತ್ತು. 1650ನೆಯ ಇಸವಿಯಲ್ಲಿ ಕಲ್ಫಿನ ಬಣ್ಣಗಾರರೂ ವರ್ತಕರೂ ಕೂಡಿ ಉಣ್ಣೆಬಟ್ಟೆಯ ವ್ಯಾಪಾರಕ್ಕಾಗಿ ಒಂದು ಕಂಪೆನಿಯನ್ನು ಸ್ಥಾಪಿಸಿದರು. ಅದು 1797ರ ವರೆಗೆ, ಹತ್ತಿರ ಹತ್ತಿರ ಒಂದೂವರೆ ಶತಮಾನ, ನಡೆಯಿತು. ಸುತ್ತಣ ಹಳ್ಳಿಗಳ ಸ್ತ್ರೀಯರು ಉಣ್ಣೆಯನ್ನು ನೂಲುತ್ತಿದ್ದರು, ನೇಕಾರರು ನೇಯುತ್ತಿದ್ದರು, ಕಲ್ಫಿನಲ್ಲಿ ಬಟ್ಟೆಗೆ ಬಣ್ಣವೇರುತ್ತಿತ್ತು. ಅಲ್ಲಿಂದ ಅದು ಸ್ವಿಟ್ಜರ್ಲೆಂಡ್, ಇಟಲಿ ಮುಂತಾದ ದೇಶಗಳಿಗೆ ಹೋಗುತ್ತಿತ್ತು. ಊರಿಗೆ ಐಶ್ವರ್ಯ ಬಂದುದು ಇದರಿಂದಲೇ. ಆದರೆ ಸರಕಾರದ ಅಪ್ಪಣೆಯ ಮೇರೆಗೆ ನೇಕಾರರು ತಾವು ನೇಯ್ದುದನ್ನು ಕಂಪೆನಿಗಲ್ಲದೆ ಬೇರಾರಿಗೂ ಮಾರುವಂತಿರಲಿಲ್ಲ. ಚೌಕದ ಸುತ್ತ ದೊಡ್ಡ ಮನೆಗಳು ಏಳುತ್ತಿದ್ದಾಗ ಹಳ್ಳಿಯ ಮಗ್ಗದ ಮುಂದೆ ಬಡತನವು ಕದಲದೆ ಕುಳಿತಿತ್ತು. ಚರಿತ್ರೆಯನ್ನು ಓದುವವರು ಚೆಲುವಾದ ಮನೆಯನ್ನು ಮೆಚ್ಚುವಾಗ ಅದರ ಬೆಲೆಯನ್ನು ಯಾರು ತೆತ್ತರೆಂದು ಕೇಳುವ ಅಭ್ಯಾಸವನ್ನೂ ಇಟ್ಟುಕೊಳ್ಳಬೇಕು.

ಎರಡು ಬೆಂಕಿಗಳು

ಈ ಕಂಪೆನಿ ಹುಟ್ಟುವುದಕ್ಕೆ ಮುಂಚೆ, 1620ರಿಂದ 1639ರ ವರೆಗೆ, ಕಲ್ಫಿನ ಸಭೆಗಳ ಮೇಲ್ವಿಚಾರಕರಾಗಿದ್ದವರು ಯೋಹಾನ್ ವಾಲೆಂಟಿನ್ ಆಂದ್ರೆಯೇ ಎಂಬ ಪಂಡಿತರು. ಅವರು 1619ರಲ್ಲಿ 'ಕ್ರಿಸ್ತಿಯಾನೊಪೊಲಿಸ್' ಎಂಬ ಲತೀನ್ ಗ್ರಂಥವನ್ನು ಪ್ರಕಟಿಸಿ, ಅದರಲ್ಲಿ ಒಂದು ಆದರ್ಶ ಪಟ್ಟಣವನ್ನು ವರ್ಣಿಸಿದ್ದರು. ಆ ಪಟ್ಟಣದಲ್ಲಿ ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳೂ ಶಾಲೆಗೆ ಹೋಗಿ ವಿದ್ಯೆಯನ್ನು ಕಲಿಯುತ್ತಾರೆ. ಇದನ್ನು ಬರೆದು 400 ವರ್ಷಗಳು ಸಂದವೆಂಬುದನ್ನು ಬಾಲಿಕಾ ಶಾಲೆಯಲ್ಲಿ ಓದುವವರು ನೆನಪಿನಲ್ಲಿಡತಕ್ಕದ್ದು. ಬರೆಯುವುದರಲ್ಲಿಯೇ ಅವರು ತೃಪ್ತರಾಗಲಿಲ್ಲ. 1621ರಲ್ಲಿ ಊರಿನ ಬಣ್ಣಗಾರ ಕುಟುಂಬಗಳಿಂದ ಹಣವನ್ನು ಕೂಡಿಸಿ, ಬಡವರಿಗೂ ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಸಹಾಯಮಾಡುವ ಧರ್ಮನಿಧಿಯೊಂದನ್ನು ಏರ್ಪಡಿಸಿದರು.

ಆಗ ಜರ್ಮನಿಯಲ್ಲಿ ಮೂವತ್ತು ವರ್ಷಗಳ ಯುದ್ಧವು ನಡೆಯುತ್ತಲಿತ್ತು. 1634ನೆಯ ಇಸವಿ ಸೆಪ್ಟೆಂಬರಿನಲ್ಲಿ ಶತ್ರುಸೈನ್ಯವು ಕಲ್ಫಿಗೆ ನುಗ್ಗಿ, ಸುಲಿದು, ಬೆಂಕಿಯಿಟ್ಟಿತು. ಆಂದ್ರೆಯೇ ಅವರ ಮನೆಯೂ, ಆಯುಷ್ಯವೆಲ್ಲ ಕೂಡಿಸಿದ ಪುಸ್ತಕಭಂಡಾರವೂ ಬೂದಿಯಾದವು. ಅವರು ಊರನ್ನು ಬಿಟ್ಟುಹೋಗದೆ, ನಿರಾಶ್ರಿತರಾದವರಿಗಾಗಿ ಪರಸ್ಥಳಗಳಿಂದ ಸಹಾಯವನ್ನು ಬೇಡಿ ತರಿಸಿದರು. ಊರು ಪುನಃ ಎದ್ದಿತು. 1692ರಲ್ಲಿ ಫ್ರೆಂಚ್ ಸೈನ್ಯವು ಬಂದು ಎರಡನೆಯ ಸಾರಿ ಕಲ್ಫನ್ನೂ ಹಿರ್ಸಾವಿನ ಮಠವನ್ನೂ ಸುಟ್ಟಿತು. ಮಠವು ಮತ್ತೆ ಏಳಲಿಲ್ಲ, ಪಟ್ಟಣವು ಎದ್ದಿತು. ಈಗ ಚೌಕದಲ್ಲಿ ಕಾಣುವ ಮನೆಗಳಲ್ಲಿ ಹೆಚ್ಚಿನವು ಆ ಎರಡನೆಯ ಬೆಂಕಿಯ ನಂತರ ಕಟ್ಟಿದವು. ಸೇತುವೆಯ ಗುಡಿಯಾದರೋ ಎರಡು ಬೆಂಕಿಗಳನ್ನೂ ಕಂಡು ಉಳಿದಿದೆ.

ಪುಸ್ತಕಗಳ ಮನೆ

19ನೆಯ ಶತಮಾನದಲ್ಲಿ ಕಲ್ಫಿನ ಹೆಸರನ್ನು ದೂರದೇಶಗಳಿಗೆ ಒಯ್ದದ್ದು ಮರವೂ ಅಲ್ಲ, ಬಟ್ಟೆಯೂ ಅಲ್ಲ, ಪುಸ್ತಕಗಳು. ಕ್ರಿಸ್ತಿಯಾನ್ ಗೊಟ್ಲೋಬ್ ಬಾರ್ತ್ ಎಂಬ ಬೋಧಕರು ಕಲ್ಫಿನ ಸಮೀಪದ ಹಳ್ಳಿಯೊಂದರಲ್ಲಿದ್ದಾಗ, ಬಡವರ ಮಕ್ಕಳಿಗೆ ಒಳ್ಳೆಯ ಪುಸ್ತಕಗಳು ಅಗ್ಗವಾಗಿ ದೊರೆಯುವುದಿಲ್ಲವೆಂದು ವ್ಯಸನಪಟ್ಟು, 1833ರಲ್ಲಿ ಒಂದು ಪ್ರಕಟಣ ಸಂಘವನ್ನು ಸ್ಥಾಪಿಸಿದರು. ಸತ್ಯವೇದದ ಕಥೆಗಳಲ್ಲದೆ ಭೂಗೋಳ, ಸೃಷ್ಟಿಶಾಸ್ತ್ರ, ಲೋಕಚರಿತ್ರೆ ಮುಂತಾದ ವಿಷಯಗಳ ಮೇಲೆಯೂ ಈ ಸಂಘವು ಶಾಲೆಗಳಿಗಾಗಿ ಪುಸ್ತಕಗಳನ್ನು ಹೊರಡಿಸಿತು. ಬಾರ್ತರು 1832ರಲ್ಲಿಯೇ ಪ್ರಕಟಿಸಿದ್ದ ಸತ್ಯವೇದ ಕಥಾಮಾಲೆಯಲ್ಲಿ ಹಳೆ ಒಡಂಬಡಿಕೆಯಿಂದ 52, ಹೊಸ ಒಡಂಬಡಿಕೆಯಿಂದ 52 ಕಥೆಗಳಿವೆ. ವರ್ಷದ ವಾರಕ್ಕೆ ಒಂದೊಂದರಂತೆ ಎಣಿಸಿದ್ದು. ಅದು ಹತ್ತಾರು ಭಾಷೆಗಳಿಗೆ ಪರಿವರ್ತಿತವಾಯಿತು. ರಾಜಧಾನಿಯಲ್ಲಿ ಕುಳಿತ ವಿದ್ವಾಂಸರು ಮಾಡದಿದ್ದ ಕೆಲಸವನ್ನು ಕಾಡಿನ ಕಣಿವೆಯ ಚಿಕ್ಕ ಊರು ಮಾಡಿತು.

1862ರಲ್ಲಿ ಬಾರ್ತರು ತೀರಿಕೊಂಡ ಮೇಲೆ ಈ ಸಂಘದ ಭಾರವನ್ನು ಹೊತ್ತವರು ನಮ್ಮ ಕರಾವಳಿಯವರಿಗೆ ಅಪರಿಚಿತರಲ್ಲ. ಅವರೇ ಪಂಡಿತ ಹೆರ್ಮನ್ ಗುಂಡರ್ಟರು. ಸ್ಟುಟ್‌ಗಾರ್ಟಿನಲ್ಲಿ 1814ರಲ್ಲಿ ಹುಟ್ಟಿದ ಇವರು 1836ರಲ್ಲಿ ಹಿಂದೂದೇಶಕ್ಕೆ ಬಂದು, 1838ರಲ್ಲಿ ಬಾಸೆಲ್ ಮಿಷನಿಗೆ ಸೇರಿ ಮಂಗಳೂರಿಗೆ ಬಂದರು. ಮರುವರ್ಷ ತಲಶ್ಶೇರಿಯಲ್ಲಿ ನೆಲೆಸಿದರು. ಮಂಗಳೂರಿನಲ್ಲಿ 1843ರಲ್ಲಿ 'ಮಂಗಳೂರ ಸಮಾಚಾರ'ವೆಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಇವರ ಸ್ನೇಹಿತರು. ಅವರೂ ಬ್ರಾಕೆನ್‌ಹೈಮ್ ಎಂಬ ವ್ಯೂರ್ಟೆಂಬರ್ಗಿನ ಇನ್ನೊಂದು ಚಿಕ್ಕ ಪಟ್ಟಣದಲ್ಲಿ ಹುಟ್ಟಿದವರು. ಗುಂಡರ್ಟರು 1859ರಲ್ಲಿ ದೇಹಸ್ಥಿತಿ ಕೆಟ್ಟು ಯೂರೋಪಿಗೆ ಹಿಂದಿರುಗಿ ಕಲ್ಫಿನಲ್ಲಿ ನಿಂತರು. ಅಲ್ಲಿ ಹಿಮ ಸುರಿಯುವ ಕಿಟಕಿಯ ಬಳಿ ಕುಳಿತು ತಮ್ಮ ಮಲಯಾಳ-ಇಂಗ್ಲಿಷ್ ನಿಘಂಟನ್ನು ಮುಗಿಸಿದರು. 1872ರಲ್ಲಿ ಆ ನಿಘಂಟು ಅಚ್ಚಾಗಿ ಹೊರಬಿದ್ದುದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ. ಕಲ್ಫಿನಲ್ಲಿ ಬರೆದದ್ದನ್ನು ಮಂಗಳೂರಿನ ಅಕ್ಷರಜೋಡಕರು ಜೋಡಿಸಿದರೆಂಬುದು ನಮಗೆ ಸಂತೋಷದ ಸಂಗತಿ.

ತಲಶ್ಶೇರಿಯಲ್ಲಿ ಹುಟ್ಟಿದ ಮಗಳು

ಗುಂಡರ್ಟರ ಪತ್ನಿಯಾದ ಯೂಲಿ ಅಮ್ಮನವರು ಸ್ವಿಟ್ಜರ್ಲೆಂಡಿನವರು. ತಲಶ್ಶೇರಿಯಲ್ಲಿ ಬಾಲಕಿಯರಿಗಾಗಿ ಶಾಲೆಯನ್ನು ನಡೆಸಿದವರು. ಅವರ ಮಗಳು ಮರೀ 1842ನೆಯ ಇಸವಿ ಅಕ್ಟೋಬರ್ 18ರಂದು ತಲಶ್ಶೇರಿಯಲ್ಲಿ ಹುಟ್ಟಿದಳು. ಆ ಕಾಲದ ಮಿಷನೆರಿಗಳು ತಮ್ಮ ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಯೂರೋಪಿನಲ್ಲಿ ಬಿಡುವುದು ವಾಡಿಕೆಯಾಗಿತ್ತು. ಮರೀ ಇನ್ನೂ ಎಳೆಯಳಾಗಿದ್ದಾಗಲೇ ಅಲ್ಲಿ ಬಿಡಲ್ಪಟ್ಟು, ಸುಮಾರು ಹತ್ತು ವರ್ಷ ತಂದೆತಾಯಿಗಳ ಮುಖವನ್ನು ಕಾಣದೆ ಬೆಳೆದಳು. 1857ರಲ್ಲಿ, 15ನೆಯ ವಯಸ್ಸಿನಲ್ಲಿ, ಅವಳು ಮರಳಿ ಅವರ ಬಳಿಗೆ ಬಂದಳು. ಪರರ ಮಕ್ಕಳಿಗೆ ತಾಯಿಯಾದವರು ತಮ್ಮ ಮಗುವನ್ನು ಅಗಲಿರಬೇಕಾಯಿತು. ಅವರ ಸೇವೆಯನ್ನು ನಾವು ಕೃತಜ್ಞತೆಯಿಂದ ನೆನೆಯುವಾಗ ಆ ಮಗುವು ತೆತ್ತ ಬೆಲೆಯನ್ನೂ ಮರೆಯಬಾರದು.

ಮರೀ ಅಮ್ಮನವರು ಇಸೆನ್‌ಬರ್ಗ್ ಎಂಬ ಮಿಷನೆರಿಯನ್ನು ಮದುವೆಯಾಗಿ, 1870ರಲ್ಲಿ ಎರಡು ಗಂಡುಮಕ್ಕಳೊಡನೆ ವಿಧವೆಯಾದರು. ಕಲ್ಫಿನ ತಂದೆಯ ಮನೆಗೆ ಬಂದು, ಕೈಕಟ್ಟಿ ಕೂರದೆ, ಊರಿನ ಹುಡುಗರ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಭಾಷೆಯನ್ನು ಕಲಿಸಿದರು. ಸ್ತ್ರೀಯೊಬ್ಬಳು ಗಂಡುಹುಡುಗರ ಪ್ರೌಢಶಾಲೆಯಲ್ಲಿ ಪಾಠ ಹೇಳುವುದು ಆ ಕಾಲಕ್ಕೆ ಹೊಸದು. 1874ರಲ್ಲಿ ಅವರು ಯೋಹಾನೆಸ್ ಹೆಸ್ಸೆ ಎಂಬವರನ್ನು ಮದುವೆಯಾದರು. ಹೆಸ್ಸೆಯವರೂ 1869ರಿಂದ 1873ರ ವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಸೇವೆಮಾಡಿ, ಅಸ್ವಸ್ಥರಾಗಿ ಹಿಂದಿರುಗಿದ್ದವರು, ಗುಂಡರ್ಟರ ಸಹಾಯಕರು. ಹೀಗೆ ಕಲ್ಫಿನ ಆ ಒಂದು ಮನೆಯಲ್ಲಿ ಜರ್ಮನ್, ಇಂಗ್ಲಿಷ್, ಫ್ರೆಂಚ್, ಮಲಯಾಳಗಳೆಲ್ಲ ಕೇಳಿಬರುತ್ತಿದ್ದವು.

ಶಾಲೆಗೆ ಒಗ್ಗದ ಬಾಲಕ

ಈ ಮನೆಯಲ್ಲಿ 1877ನೆಯ ಇಸವಿ ಜುಲೈ 2ರಂದು ಹುಟ್ಟಿದ ಗಂಡುಮಗುವಿಗೆ ತಾತನ ಹೆಸರನ್ನೇ ಇಟ್ಟರು: ಹೆರ್ಮನ್. ಬಾಲಕನು ಚುರುಕು, ಕಲ್ಪನಾಶಕ್ತಿಯುಳ್ಳವನು, ಆದರೆ ಬಾಗದ ಸ್ವಭಾವದವನು. ಅವನನ್ನು ಬೋಧಕನನ್ನಾಗಿ ಮಾಡಬೇಕೆಂದು ಹಿರಿಯರ ಆಸೆ. 1891ರಲ್ಲಿ ಅವನು ಕಠಿಣವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮೌಲ್‌ಬ್ರೊನ್ ಮಠದ ವಿದ್ಯಾಲಯವನ್ನು ಸೇರಿದನು. 1892ರ ಮಾರ್ಚಿನಲ್ಲಿ, 14 ವರ್ಷದ ಹುಡುಗನು ಯಾರಿಗೂ ಹೇಳದೆ ಅಲ್ಲಿಂದ ಹೊರಟುಹೋಗಿ, ಕೊರೆಯುವ ಚಳಿಯಲ್ಲಿ ರಾತ್ರಿಯನ್ನು ಬಯಲಿನಲ್ಲಿ ಕಳೆದನು. ಆ ಮೇಲೆ ಒಂದು ಸ್ಥಳದಿಂದ ಇನ್ನೊಂದಕ್ಕೆ ಅವನನ್ನು ಕಳುಹಿಸಿದರು. ಎಲ್ಲಿಯೂ ಮನಸ್ಸು ನೆಲೆಗೊಳ್ಳಲಿಲ್ಲ. ಬದುಕಿನಲ್ಲಿಯೇ ಬೇಸರಗೊಳ್ಳುವ ಸ್ಥಿತಿಯು ಅವನಿಗೆ ಬಂದಿತು. ತಂದೆತಾಯಿಗಳೂ ಗುರುಗಳೂ ದುಷ್ಟರಾಗಿರಲಿಲ್ಲ. ಅವರೆಲ್ಲರೂ ಅವನ ಹಿತವನ್ನೇ ಕೋರಿದರು. ಆದರೂ ಆ ಹಿತವೇನೆಂದು ಅವನನ್ನು ಕೇಳುವುದು ಅವರಿಗೆ ಹೊಳೆಯಲಿಲ್ಲ.

ಕೊನೆಗೆ 1894ರಲ್ಲಿ ಅವನು ಕಲ್ಫಿಗೆ ಹಿಂದಿರುಗಿ, ಗೋಪುರದ ಗಡಿಯಾರಗಳನ್ನು ಮಾಡುವ ಪೆರ್ರೊ ಎಂಬವರ ಕಾರ್ಖಾನೆಯಲ್ಲಿ ಕೆಲಸಗಾರನಾದನು. ಲತೀನ್ ವ್ಯಾಕರಣವನ್ನು ಕಲಿತಿದ್ದವನು ಅರವನ್ನು ಹಿಡಿದು ಹಿತ್ತಾಳೆಯ ಹಲ್ಲುಗಳನ್ನು ಉಜ್ಜುವುದನ್ನು ಕಂಡು ಊರವರು ಏನಾದರೂ ಹೇಳಿಕೊಂಡಿರಬಹುದು. ಆದರೆ ಒಂದು ವರ್ಷಕ್ಕೂ ಮೇಲ್ಪಟ್ಟ ಆ ಕೈಕೆಲಸದಲ್ಲಿ ಅವನ ಮನಸ್ಸಿಗೆ ಸ್ವಲ್ಪ ಸ್ವಲ್ಪವಾಗಿ ಶಾಂತಿ ದೊರೆಯಿತು. 1895ರಲ್ಲಿ ಅವನು ಟ್ಯೂಬಿಂಗೆನ್ ನಗರದ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಕಲಿಯಲು ಹೋದನು. ಈ ಹೆರ್ಮನ್ ಹೆಸ್ಸೆಯವರೇ 1946ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಬಹುಮಾನವನ್ನು ಪಡೆದರು.

ಅವರು 1906ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರಿನ ಅರ್ಥ 'ಚಕ್ರದ ಅಡಿಯಲ್ಲಿ' ಎಂದು. ಜಾಣನಾದ ಹುಡುಗನೊಬ್ಬನು ಹಿರಿಯರ ಆಸೆಯ ಭಾರಕ್ಕೆ ಸಿಕ್ಕಿ ನುಚ್ಚುನೂರಾಗುವುದೇ ಅದರ ಕಥಾವಸ್ತು. ಅದರ ಊರು ಬೇರೆಯಲ್ಲ, ಕಲ್ಫೇ. ಬೇರೆ ಅನೇಕ ಕಥೆಗಳಲ್ಲಿ ಅವರು ತಮ್ಮ ಊರನ್ನು 'ಗೆರ್ಬರ್ಸಾವ್', ಅಂದರೆ ಚರ್ಮ ಹದಮಾಡುವವರ ಹೊಳೆಬಯಲು, ಎಂಬ ಹೆಸರಿನಿಂದ ವರ್ಣಿಸಿದ್ದಾರೆ. ತಾತನ ಕೋಣೆಯ ಹಿಂದೂದೇಶದ ನೆನಪುಗಳು 1922ರ 'ಸಿದ್ಧಾರ್ಥ'ಕ್ಕೆ ಬೀಜವಾದವು. 1943ರಲ್ಲಿ ಹೊರಬಂದ ತಮ್ಮ ಕೊನೆಯ ದೊಡ್ಡ ಕಾದಂಬರಿಯಲ್ಲಿ ಅವರು ಒಬ್ಬ ಬುದ್ಧಿವಂತನಿಗೆ ಕಲ್ಫಿನ ಪೆರ್ರೊ ಎಂದು ಹೆಸರಿಟ್ಟರು. ಗಡಿಯಾರದ ಕಾರ್ಖಾನೆಯ ಯಜಮಾನನ ಹೆಸರು ಸುಮಾರು 50 ವರ್ಷಗಳ ಮೇಲೆಯೂ ಅವರ ನೆನಪಿನಲ್ಲಿತ್ತು. 1962ರಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು. 2002ರಲ್ಲಿ ಕಲ್ಫಿನ ಹಳೆಯ ಸೇತುವೆಯ ಮೇಲೆ ಅವರ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಎತ್ತರವಾದ ಪೀಠವಿಲ್ಲದೆ, ದಾರಿಹೋಕರ ನಡುವೆ ಒಬ್ಬರಂತೆ ಅವರು ಅಲ್ಲಿ ನಿಂತಿದ್ದಾರೆ.

ಉಪಾಧ್ಯಾಯಿನಿಯಾದ ನನಗೆ ಈ ಕಥೆಯನ್ನು ಓದುವಾಗ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಒಬ್ಬ ಬಾಲಕಿಯ ವರದಿ ಪುಸ್ತಕದಲ್ಲಿ 'ಹಟಮಾರಿ' ಎಂದು ಬರೆದೆನು. ಪ್ರಶ್ನೆ ಕೇಳಿದರೆ ತಲೆತಗ್ಗಿಸಿ ನಿಲ್ಲುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ತಾಯಿಯು ಹಾಸಿಗೆ ಹಿಡಿದಿದ್ದುದರಿಂದ ಆಕೆ ಮುಂಜಾನೆ ಎದ್ದು ಮನೆಮಂದಿಗೆಲ್ಲ ಗಂಜಿ ಬೇಯಿಸಿಟ್ಟು ಶಾಲೆಗೆ ಬರುತ್ತಿದ್ದಳೆಂದು ಮರುವರ್ಷ ನನಗೆ ತಿಳಿಯಿತು. ಆ ಮಾತನ್ನು ಹೊಡೆದುಹಾಕಿದೆನು. ಆದರೆ ಆಕೆ ಅದನ್ನು ಆಗಲೇ ಓದಿದ್ದಳು.

ಮರೆಯಬಾರದ ಪುಟ

ಊರಿನ ಚರಿತ್ರೆಯನ್ನು ಹೇಳುವವರು ಹೆಮ್ಮೆಯ ಪುಟಗಳನ್ನು ಮಾತ್ರ ಓದಿ ಮುಚ್ಚಬಾರದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರ ಜನವರಿಯಲ್ಲಿ, ಆಗ ಜರ್ಮನಿಯನ್ನು ಆಳುತ್ತಿದ್ದ ನಾಜಿಗಳು ಸುಮಾರು 200 ಮಂದಿ ಯೆಹೂದ್ಯ ಸ್ತ್ರೀಯರನ್ನು ಸೆರೆಯಾಳುಗಳನ್ನಾಗಿ ಕಲ್ಫಿಗೆ ತಂದರು. ಅವರನ್ನು ಯುದ್ಧವಿಮಾನಗಳ ಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ದುಡಿಸಿದರು. ಅವರಲ್ಲಿ ಎಳೆಯ ಹುಡುಗಿಯರೂ ಇದ್ದರು. ಏಪ್ರಿಲ್ ಆರಂಭದಲ್ಲಿ ಶತ್ರುಸೈನ್ಯವು ಸಮೀಪಿಸಲು, ಅವರನ್ನು ಕಾಲ್ನಡೆಯಾಗಿ ದಕ್ಷಿಣದ ಕಡೆಗೆ ಅಟ್ಟಿಕೊಂಡು ಹೋದರು. ಲೋಕದ ಮಕ್ಕಳಿಗೆ ಕಥೆಯ ಪುಸ್ತಕಗಳನ್ನು ಕಳುಹಿಸಿದ ಊರಿನಲ್ಲಿಯೇ ಇದು ನಡೆಯಿತು. ಒಳ್ಳೆಯ ಚರಿತ್ರೆಯುಳ್ಳ ಊರೂ ತನ್ನ ಕಣ್ಣೆದುರಿನ ಅನ್ಯಾಯವನ್ನು ತಡೆಯುವುದೆಂಬ ಭರವಸೆಯಿಲ್ಲ. ಒಳ್ಳೆಯತನವು ಆಸ್ತಿಯಂತೆ ತಂದೆಯಿಂದ ಮಗನಿಗೆ ತಾನಾಗಿ ಇಳಿಯುವುದಿಲ್ಲ. ಒಂದೊಂದು ತಲೆಮಾರೂ ಅದನ್ನು ಹೊಸದಾಗಿ ಕಲಿಯಬೇಕು.

ಪಾಠದ ಸಾರ

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಚಿಕ್ಕ ಊರುಗಳಿಂದ ಬಂದವರು. ನಮ್ಮೂರಿನಲ್ಲಿ ಏನಿದೆ ಎಂದು ನೀವು ತಾತ್ಸಾರವಾಗಿ ಹೇಳುವುದನ್ನು ನಾನು ಕೇಳಿದ್ದೇನೆ. ಕಲ್ಫಿನಲ್ಲಿಯೂ ಮೊದಲಿಗೆ ಇದ್ದದ್ದು ಒಂದು ಹೊಳೆ, ಒಂದು ಕಾಡು, ಬಡ ಮಣ್ಣು. ಇದ್ದದ್ದನ್ನು ಬಳಸಿಕೊಳ್ಳಬಲ್ಲವರೂ, ಸುಟ್ಟುಹೋದದ್ದನ್ನು ಮತ್ತೆ ಕಟ್ಟಬಲ್ಲವರೂ, ತಮ್ಮ ಬೇಲಿಯಾಚೆಗಿನ ಮಕ್ಕಳನ್ನು ನೆನೆಯಬಲ್ಲವರೂ ಅಲ್ಲಿ ಹುಟ್ಟಿದರು ಇಲ್ಲವೆ ಬಂದು ನೆಲೆಸಿದರು. ಅದೇ ಊರು ಹಳ್ಳಿಯ ನೇಕಾರನನ್ನು ಮರೆತುದೂ ಉಂಟು. ತನ್ನ ಬಾಲಕನೊಬ್ಬನನ್ನು ಅರಿಯದೆ ಹೋದದ್ದೂ ಉಂಟು. ನಿಮ್ಮ ಊರನ್ನು ಪ್ರೀತಿಸಿರಿ. ಪ್ರೀತಿಸುವುದರಿಂದಲೇ ಅದರ ಕುಂದುಗಳನ್ನು ನೋಡಲು ಅಂಜದಿರಿ. ಮುಂದೆ ನಿಮ್ಮಲ್ಲಿ ಕೆಲವರು ತಾಯಂದಿರಾಗುವಿರಿ, ಕೆಲವರು ಉಪಾಧ್ಯಾಯಿನಿಯರಾಗುವಿರಿ. ಆಗ ಮಾತನಾಡದೆ ತಲೆತಗ್ಗಿಸಿ ನಿಂತ ಮಗುವು ನಿಮ್ಮ ಮುಂದೆ ಬಂದರೆ, ಬರೆಯುವ ಮೊದಲು ಕೇಳಿರಿ.

ಅಭ್ಯಾಸ

1. ನಾಗೋಲ್ಡ್ ನದಿಯಲ್ಲಿ ಬಿಟ್ಟ ಮರವು ಹಾಲೆಂಡನ್ನು ಮುಟ್ಟುವ ದಾರಿಯನ್ನು ನಕ್ಷೆಯಲ್ಲಿ ಬರೆದು ತೋರಿಸಿರಿ.

2. 1650ರ ಕಂಪೆನಿಯಿಂದ ಲಾಭ ಹೊಂದಿದವರು ಯಾರು? ಕಷ್ಟಪಟ್ಟವರು ಯಾರು?

3. 1634ರಲ್ಲಿಯೂ 1692ರಲ್ಲಿಯೂ ಕಲ್ಫಿಗೆ ಸಂಭವಿಸಿದ್ದೇನು? ಹಿರ್ಸಾವಿನ ಮಠಕ್ಕೂ ಪಟ್ಟಣಕ್ಕೂ ಆ ಮೇಲೆ ಉಂಟಾದ ವ್ಯತ್ಯಾಸವೇನು?

4. ಕಲ್ಫಿಗೂ ಮಂಗಳೂರು, ತಲಶ್ಶೇರಿಗಳಿಗೂ ಇರುವ ಸಂಬಂಧವನ್ನು ಇಸವಿಗಳೊಡನೆ ವಿವರಿಸಿರಿ.

5. ನಿಮ್ಮ ಸ್ವಂತ ಊರಿನ ಇರವು, ನೀರು, ಕಸಬು, ಹಳೆಯ ಕಟ್ಟಡ, ಹೆಸರಾದವರು ಮತ್ತು ಅಲ್ಲಿ ಯಾರನ್ನು ಮರೆಯಲಾಗಿದೆ ಎಂಬ ವಿಷಯಗಳ ಮೇಲೆ ಎರಡು ಪುಟಗಳನ್ನು ಬರೆಯಿರಿ. ಮನೆಯ ಹಿರಿಯರನ್ನು ಕೇಳಿ ಬರೆಯತಕ್ಕದ್ದು.